15 ವರ್ಷ ಆಯ್ತು, ಕಾರು ಇನ್ನೂ ಓಡ್ತಿದೆಯಲ್ಲ!

ವೀಕ್ಷಕರೇ, ಒಂದು ಕಾರಿನ ವಯಸ್ಸನ್ನು ನೀವು ಹೇಗೆ ಲೆಕ್ಕ ಹಾಕ್ತೀರಿ? ಆರ್‌ಸಿಯಲ್ಲಿರೋ ತಾರೀಕು ನೋಡಿಯಾ? ಮೀಟರ್‌ನಲ್ಲಿ ಎಷ್ಟು ಲಕ್ಷ ಕಿಲೋಮೀಟರ್ ಆಗಿದೆ ಅಂತ ನೋಡಿಯಾ? ಇಲ್ಲಾ ಬಾನೆಟ್ ಎತ್ತಿ ನೋಡಿಯಾ? ಸರ್ಕಾರ ಮೊದಲನೆಯದನ್ನು ನೋಡುತ್ತೆ. ಸೆಕೆಂಡ್ ಹ್ಯಾಂಡ್ ಕೊಳ್ಳೋರು ಎರಡನೆಯದನ್ನು ನೋಡ್ತಾರೆ. ಬಾನೆಟ್ ಎತ್ತೋನು ಮೆಕ್ಯಾನಿಕ್ ಒಬ್ಬನೇ. ಈ ಮೂರು ಲೆಕ್ಕಗಳ ಜಗಳದಲ್ಲಿ ಸಿಕ್ಕಿಹಾಕಿಕೊಂಡಿರೋ ಒಂದು ಪುಟ್ಟ ಕಾರಿನ ಇತಿಹಾಸ ಇವತ್ತು ಹೇಳ್ತೀನಿ. ಅದು ಮಾರುತಿ 800.

1980ರ ಜೂನ್‌ನಲ್ಲಿ ಸಂಜಯ್ ಗಾಂಧಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಜನಸಾಮಾನ್ಯರಿಗೊಂದು ಕಾರು ಅನ್ನೋ ಅವರ ಯೋಜನೆ ಅಷ್ಟರಲ್ಲಾಗಲೇ ನೆಲಕಚ್ಚಿತ್ತು. 1981ರಲ್ಲಿ ಸರ್ಕಾರವೇ ಮಾರುತಿ ಉದ್ಯೋಗ್ ಕಂಪನಿ ಕಟ್ಟಿತು. 1982ರ ಅಕ್ಟೋಬರ್‌ನಲ್ಲಿ ಜಪಾನಿನ ಸುಜುಕಿ ಜೊತೆ ಒಪ್ಪಂದವಾಯ್ತು. 1983ರ ಡಿಸೆಂಬರ್ 14, ಅಂದ್ರೆ ಸಂಜಯ್ ಹುಟ್ಟಿದ ದಿನವೇ, ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಕೈಗಿಟ್ಟರು. ಅವರು ಇಂಡಿಯನ್ ಏರ್‌ಲೈನ್ಸ್ ಉದ್ಯೋಗಿ. ಬೆಲೆ ಸುಮಾರು 47,500 ರೂಪಾಯಿ. ಗಾಡಿ ನಂಬರ್ ಡಿಐಎ 6479.

ಈ ಫೋಟೋ ನೀವು ಎಷ್ಟೋ ಸಲ ನೋಡಿರ್ತೀರಿ. ಕಾರಿನ ಇತಿಹಾಸ ಅಂದ್ರೆ ನಮಗೆ ಕೀಲಿ ಕೊಟ್ಟ ದಿನ, ಹಾರ ಹಾಕಿದ ದಿನ, ನಿಂಬೆಹಣ್ಣು ಚಕ್ರದ ಕೆಳಗಿಟ್ಟ ದಿನ. ಆದ್ರೆ ಮಾರನೇ ದಿನದಿಂದ ಏನಾಯ್ತು? ಹರ್‌ಪಾಲ್ ಸಿಂಗ್ ಆ ಕಾರನ್ನು ಮಾರಲೇ ಇಲ್ಲ. 2010ರಲ್ಲಿ ಅವರು ತೀರಿಕೊಳ್ಳೋವರೆಗೂ ಅದು ಅವರದ್ದೇ. ಹತ್ತಿರ ಹತ್ತಿರ 27 ವರ್ಷ! ನನ್ನ ಪ್ರಕಾರ ಅಸಲಿ ಇತಿಹಾಸ ಇರೋದು ಈ 27 ವರ್ಷಗಳಲ್ಲಿ.

ಅಷ್ಟು ವರ್ಷ ಒಂದು ಪುಟ್ಟ ಕಾರು ಬಾಳಿದ್ದು ಹೇಗೆ? ನಾನೂ ಇಂಜಿನಿಯರಿಂಗ್ ಓದಿದವನು, ಸ್ವಲ್ಪ ಬಿಡಿಸಿ ಹೇಳ್ತೀನಿ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಗಾಡಿಯ ತೂಕ ಸುಮಾರು 650 ಕೆಜಿ. ಎಳೆಯಬೇಕಾದ ಭಾರ ಕಮ್ಮಿ ಇದ್ರೆ ಕ್ಲಚ್, ಬ್ರೇಕ್, ಸಸ್ಪೆನ್ಷನ್ ಎಲ್ಲದರ ಮೇಲೂ ಒತ್ತಡ ಕಮ್ಮಿ. ಹಳೇ ಮಾಡೆಲ್‌ಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್‌ಗಳ ರಗಳೆ ಇಲ್ಲ. ಇರೋದು ಕಾರ್ಬುರೇಟರ್. ಚೋಕ್ ಎಳೆದು ಸ್ಟಾರ್ಟ್ ಮಾಡೋದು. ಕೆಟ್ಟರೆ ತಾಲ್ಲೂಕು ಕೇಂದ್ರದ ಯಾವುದೋ ಮರದ ಕೆಳಗಿನ ಗ್ಯಾರೇಜಿನಲ್ಲೂ ರಿಪೇರಿ ಆಗುತ್ತೆ.

ಸ್ಪೇರ್ ಪಾರ್ಟ್ಸ್? ಬೆಂಗಳೂರಿನವರನ್ನು ಕೇಳಿ, ಜೆ.ಸಿ. ರೋಡ್ ಕಡೆ ಕೈ ತೋರಿಸ್ತಾರೆ. ಹೊಸದು ಬೇಡ, ಹಳೆಯದೇ ಸಾಕು ಅಂದ್ರೆ ಶಿವಾಜಿನಗರದ ಗುಜರಿ. ಒಂದು ಕಾರು ಸತ್ತರೆ ಅದರ ಬಾಗಿಲು, ಗೇರ್ ಬಾಕ್ಸ್, ಹೆಡ್‌ಲೈಟ್ ಬೇರೆ ನಾಲ್ಕು ಕಾರುಗಳಲ್ಲಿ ಬದುಕುತ್ತೆ. ಕಂಪನಿ ಕಾರು ಕಟ್ಟಿದ್ದು ಒಂದು ಸಲ. ಅದನ್ನು ಮತ್ತೆ ಮತ್ತೆ ಕಟ್ಟಿದ್ದು ಈ ಗ್ಯಾರೇಜುಗಳು. ಆ ಕಾರಿನಲ್ಲೇ ಡ್ರೈವಿಂಗ್ ಕಲಿತವರು, ಅದರ ಮೇಲೇ ರಿಪೇರಿ ಕಲಿತವರು ಎಷ್ಟು ಜನ! ಹೊಸ ಕಾರು ಕೊಳ್ಳೋಕಾಗದ ಮನೆಗೆ ಎರಡನೇ ಕೈ, ಮೂರನೇ ಕೈ ದಾಟಿ ಬಂದ 800ನೇ ಮೊದಲ ಕಾರು. ಮಳೆಯಲ್ಲಿ ನೆನೆಯದೆ ನಾಲ್ಕು ಜನ ಆಸ್ಪತ್ರೆಗೆ ಹೋಗಬಹುದು. ಅದಕ್ಕಿಂತ ದೊಡ್ಡ ಅನುಕೂಲ ಏನಿದೆ ಹೇಳಿ?

ಹೊಗೆಯ ನಿಯಮಗಳು ಬಿಗಿಯಾದವು. 2010ರ ಏಪ್ರಿಲ್‌ನಿಂದ ಬೆಂಗಳೂರು ಸೇರಿ 13 ನಗರಗಳಲ್ಲಿ ಹೊಸ 800 ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಅದೇ ವರ್ಷ ಮೇ ತಿಂಗಳಲ್ಲಿ ಅಂಬಾಸಿಡರ್ ಕೂಡ ನಿಂತುಹೋಯ್ತು ಅನ್ನೋದು ಗಮನಿಸಿ. ಅಲ್ಲಿಂದ ಮುಂದೆ 800ರ ಕಥೆ ಪೂರ್ತಿಯಾಗಿ ಮಾಲೀಕ ಮತ್ತು ಮೆಕ್ಯಾನಿಕ್‌ಗೆ ಸೇರಿದ್ದು.

ಈಗ ಬನ್ನಿ ಕಾನೂನಿಗೆ. ನಮ್ಮ ಮೋಟಾರು ವಾಹನ ಕಾಯ್ದೆ ಪ್ರಕಾರ ಸ್ವಂತ ಕಾರಿನ ನೋಂದಣಿ 15 ವರ್ಷ. ಆಮೇಲೆ ಗಾಡಿ ಸರಿ ಇದೆ ಅಂತ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷ ಮುಂದುವರಿಸಬಹುದು. ಕರ್ನಾಟಕದಲ್ಲಿ ಇವತ್ತಿಗೂ ಇದೇ ದಾರಿ. ಆದ್ರೆ ಆ ದಾರಿಯ ಸುಂಕ ಏರಿದೆ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯ್ತು. 2025ರಲ್ಲಿ, 20 ವರ್ಷ ದಾಟಿದ ಕಾರಿಗೆ 10,000 ಅಂತಾಯ್ತು. ದೆಹಲಿಯಲ್ಲಂತೂ 15 ದಾಟಿದ ಪೆಟ್ರೋಲ್ ಕಾರು ರಸ್ತೆಗಿಳಿಯಬಾರದು ಅನ್ನೋ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ಗಾಡಿಗಳಿಗೆ ಬಂಕ್‌ನಲ್ಲಿ ಪೆಟ್ರೋಲೇ ಹಾಕಬೇಡಿ ಅಂದರು. ಜನ ಸಿಟ್ಟಿಗೆದ್ದರು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದರು. ವಿಷಯ ಮತ್ತೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಹಾಗಂತ ಹಳೇ ಕಾರೆಲ್ಲ ದೇವರು ಅಂತ ನಾನು ಹೇಳ್ತಿಲ್ಲ. ಕಾರ್ಬುರೇಟರ್ ಕಾಲದ ಗಾಡಿ ಇವತ್ತಿನ ಕಾರಿಗಿಂತ ಹೆಚ್ಚು ಹೊಗೆ ಉಗುಳುತ್ತೆ, ಇದು ನಿಜ. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ನಾಲ್ಕು ಮಹಾನಗರಗಳಲ್ಲಿ ಕಡ್ಡಾಯ ಆಗಿದ್ದೇ 1995ರಲ್ಲಿ. ಏರ್‌ಬ್ಯಾಗ್ ಇಲ್ಲ, ಅಪಘಾತವಾದರೆ ತೆಳು ಬಾಡಿ ಕಾಪಾಡಲ್ಲ. ದೆಹಲಿಯ ಮಕ್ಕಳ ಶ್ವಾಸಕೋಶಕ್ಕಿಂತ ನನ್ನ ನೆನಪು ದೊಡ್ಡದು ಅಂತ ಯಾರಾದ್ರೂ ವಾದ ಮಾಡಿದ್ರೆ ನಾನು ಅವರ ಜೊತೆ ಇಲ್ಲ.

ನನ್ನ ತಕರಾರು ಇರೋದು ಅಳತೆಗೋಲಿನ ಬಗ್ಗೆ. ಒಂದೇ ವರ್ಷದ ಎರಡು ಕಾರು ತಗೊಳ್ಳಿ. ಒಂದು ಮಂಗಳೂರಿನ ಉಪ್ಪುಗಾಳಿಯಲ್ಲಿ ನಿಂತು ತಳ ತುಕ್ಕು ಹಿಡಿದಿದೆ. ಇನ್ನೊಂದು ಬಳ್ಳಾರಿಯ ಒಣ ಹವೆಯಲ್ಲಿ, ಹೊತ್ತೊತ್ತಿಗೆ ಆಯಿಲ್ ಬದಲಾಯಿಸಿಕೊಂಡು ಓಡಿದೆ. ಕೂಲೆಂಟ್ ಬದಲು ಬರೀ ನೀರು ತುಂಬಿಸಿದ ಎಂಜಿನ್ ಬಿಸಿಯೇರಿ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಳ್ಳುತ್ತೆ. ಟೈಮಿಂಗ್ ಬೆಲ್ಟ್ ಮರೆತವನ ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತೆ. ಎರಡೇ ಲಕ್ಷ ಕಿಲೋಮೀಟರ್ ಓಡಿದ್ರೂ ಒಂದು ಮುದಿ, ಇನ್ನೊಂದು ಗಟ್ಟಿ. ಕ್ಯಾಲೆಂಡರ್‌ಗೆ ಈ ವ್ಯತ್ಯಾಸ ಕಾಣಲ್ಲ. ಹೊಗೆ ಅಳೆಯೋ ಯಂತ್ರಕ್ಕೆ, ಬ್ರೇಕ್ ಅಳೆಯೋ ಯಂತ್ರಕ್ಕೆ ಕಾಣುತ್ತೆ. ಹಾಗಾದ್ರೆ ಆ ಯಂತ್ರಗಳನ್ನು ಪ್ರತಿ ಜಿಲ್ಲೆಗೂ ಕೊಡಿ. ಪ್ರತಿ ವರ್ಷ ಬೇಕಾದ್ರೂ ಪರೀಕ್ಷೆ ಮಾಡಿ. ಫೇಲಾದದ್ದು 12 ವರ್ಷದ್ದಾದರೂ ಗುಜರಿಗೆ ಹೋಗಲಿ, ಪಾಸಾದದ್ದು 20 ವರ್ಷದ್ದಾದರೂ ಓಡಲಿ.

ಆ ಮೊದಲ ಕಾರು ಏನಾಯ್ತು ಗೊತ್ತಾ? ಹರ್‌ಪಾಲ್ ಸಿಂಗ್ ಹೋದ ಮೇಲೆ ನೋಡಿಕೊಳ್ಳೋರಿಲ್ಲದೆ ಬೀದಿಬದಿಯಲ್ಲಿ ತುಕ್ಕು ಹಿಡಿಯಿತು. ಕೊನೆಗೆ ಕಂಪನಿ ಅದನ್ನು ಹೊಸದರಂತೆ ಮಾಡಿ ತನ್ನ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿದೆ. ಯಜಮಾನ ಇದ್ದಾಗ ದಶಕಗಳ ಕಾಲ ಬಾಳಿದ್ದು, ಯಜಮಾನ ಹೋದ ಮೇಲೆ ಕೆಲವೇ ವರ್ಷಗಳಲ್ಲಿ ಹಾಳಾಯ್ತು. ನಿಮ್ಮ ಮನೆ ಮುಂದೆಯೂ ಅಂಥದ್ದೊಂದು ನಿಂತಿದ್ರೆ, ಆಯಿಲ್ ಬದಲಾಯಿಸಿ, ಬಿಲ್ ಜೋಪಾನವಾಗಿಡಿ, ಎಮಿಷನ್ ಟೆಸ್ಟ್ ತಪ್ಪಿಸಬೇಡಿ. ನಾಳೆ ಆರ್‌ಟಿಒ ಮುಂದೆ ನಿಮ್ಮ ಪರವಾಗಿ ಮಾತಾಡೋದು ಅದೇ.