ಪೂರ್ವಭಾವಿ ದಾಳಿ ಮತ್ತು ಸಾಕ್ಷ್ಯದ ಸಮಸ್ಯೆ: ಒಂದು ದೂರದರ್ಶನ ಕಂತಿನ ಮರುವೀಕ್ಷಣೆ

ಶತ್ರು ನಮ್ಮ ಮೇಲೆ ಬೀಳುವುದಕ್ಕೆ ಮೊದಲೇ ನಾವು ಅವನ ಮೇಲೆ ಬೀಳುವುದು ಯುಕ್ತವೇ ಎಂಬ ಪ್ರಶ್ನೆಯನ್ನು ನ್ಯಾಯಶಾಸ್ತ್ರಜ್ಞರು ಧರ್ಮಾಧರ್ಮದ ದೃಷ್ಟಿಯಿಂದಲೂ ಸೇನಾನಿಗಳು ಬಲಾಬಲದ ದೃಷ್ಟಿಯಿಂದಲೂ ವಿಚಾರಿಸುತ್ತ ಬಂದಿದ್ದಾರೆ. ಚರಿತ್ರೆಯ ಅಭ್ಯಾಸಿಗೆ ಅದು ಮೊಟ್ಟಮೊದಲು ಸಾಕ್ಷ್ಯದ ಪ್ರಶ್ನೆ. ಶತ್ರು ಬೀಳಲಿದ್ದಾನೆಂದು ನಮಗೆ ತಿಳಿದುದು ಹೇಗೆ? ತಿಳಿಸಿದವರು ಯಾರು? ಅದನ್ನು ಒರೆಗೆ ಹಚ್ಚಿದವರು ಯಾರು? ಈ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ೧೯೯೫ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪ್ರಸಾರವಾದ 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್' ಎಂಬ ವೈಜ್ಞಾನಿಕ ಕಥಾಮಾಲೆಯ 'ದ ಡೈ ಈಸ್ ಕಾಸ್ಟ್' ಎಂಬ ಕಂತನ್ನು ನಾವು ಈಚೆಗೆ ಮತ್ತೊಮ್ಮೆ ನೋಡಿದೆವು. ಕಲ್ಪಿತ ಕಥೆ ದಾಖಲೆಯಲ್ಲ, ನಿಜ. ಆದರೆ ದಾಳಿಯನ್ನು ಯೋಜಿಸಿದವರ ಕೋಣೆಯನ್ನೂ ದಾಳಿಗೆ ಕಾದು ಕುಳಿತವರ ಮನಸ್ಸನ್ನೂ ಅದು ಒಟ್ಟಿಗೆ ತೆರೆದು ತೋರಿಸುತ್ತದೆ. ದಾಖಲೆಗಳಲ್ಲಿ ಈ ಅನುಕೂಲ ನಮಗೆ ದೊರೆಯುವುದು ಅಪರೂಪ.

ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ಡೊಮಿನಿಯನ್ ಎಂಬ ದೂರದ ಸಾಮ್ರಾಜ್ಯವನ್ನು ಬೇಕಾದ ರೂಪ ತಾಳಬಲ್ಲ ಕಾಮರೂಪಿಗಳು ಆಳುತ್ತಿರುತ್ತಾರೆ. ಅವರು ಮುಂದೆ ತಮ್ಮ ಮೇಲೆ ಬರುವರೆಂಬ ಭೀತಿಯಿಂದ ಕಾರ್ಡೇಸಿಯನ್ ಮತ್ತು ರಾಮ್ಯುಲನ್ ರಾಜ್ಯಗಳ ಗೂಢಚರ್ಯೆ ಸಂಸ್ಥೆಗಳು ಒಂದಾಗಿ, ಇಪ್ಪತ್ತು ಹಡಗುಗಳನ್ನು ಕೂಡಿಸಿ, ಕಾಮರೂಪಿಗಳ ಮೂಲ ಗ್ರಹವನ್ನೇ ನಾಶಮಾಡಲು ಹೊರಡುತ್ತವೆ. ಇನಾಬ್ರನ್ ಟೇನ್ ಎಂಬ ನಿವೃತ್ತ ಗೂಢಚರ್ಯಾಧಿಪತಿ ಇದರ ಸೂತ್ರಧಾರಿ. ಮೊದಲ ಸುತ್ತಿನ ಪ್ರಹಾರದಲ್ಲಿಯೇ ಗ್ರಹದ ಹೊರಪದರದ ನೂರಕ್ಕೆ ಮೂವತ್ತು ಭಾಗ ಹಾಳಾಗುತ್ತದೆ; ಆದರೂ ಅಲ್ಲಿನ ಜೀವಿಗಳ ಸಂಖ್ಯೆ ಕಿಂಚಿತ್ತೂ ಕಡಮೆಯಾದಂತೆ ಯಂತ್ರಗಳು ತೋರಿಸುವುದಿಲ್ಲ. ಗ್ರಹ ಬರಿದಾಗಿರುತ್ತದೆ; ಜೀವಿಗಳಿರುವಂತೆ ತೋರಿಸಿದ್ದು ಅಲ್ಲಿಟ್ಟಿದ್ದ ಒಂದು ಉಪಕರಣ. ಒಡನೆಯೇ ನೂರೈವತ್ತು ಶತ್ರುನೌಕೆಗಳು ಹೊರಬಂದು ಆಕ್ರಮಣಕಾರರನ್ನು ನಿರ್ನಾಮ ಮಾಡುತ್ತವೆ. ಟೇನನ ಜೊತೆಗಾರನಾಗಿದ್ದ ರಾಮ್ಯುಲನ್ ಸೇನಾಧಿಕಾರಿ ಲೊವೊಕ್ ಸ್ವತಃ ಕಾಮರೂಪಿಯೆಂಬುದು ಕೊನೆಗೆ ಬಯಲಾಗುತ್ತದೆ.

ಮೊದಲ ಸಲ ನೋಡುವವರಿಗೆ ಇದು ಅನಿರೀಕ್ಷಿತವೆನಿಸುತ್ತದೆ. ಎರಡನೆಯ ಸಲ ನೋಡುವಾಗ ನಮ್ಮ ಗಮನ ಬೇರೆಡೆಗೆ ಹರಿಯಿತು. ಯೋಜನೆ ಶತ್ರುವಿನದಲ್ಲ, ಟೇನನದೇ. ಅದು ಮುಂದುವರಿಯುವಂತೆ ನೋಡಿಕೊಂಡದ್ದು ಮಾತ್ರವೇ ಶತ್ರುವಿನ ಕೆಲಸ. ಸೆರೆಸಿಕ್ಕ ಓಡೊ ಎಂಬ ಕಾಮರೂಪಿಯನ್ನು ಚಿತ್ರಹಿಂಸೆಗೆ ಗುರಿಪಡಿಸಿದಾಗ ಹೊರಬೀಳುವುದು ತನ್ನವರ ಬಳಿಗೆ ಮರಳಬೇಕೆಂಬ ಅವನ ಹಂಬಲ ಮಾತ್ರ; ಯುದ್ಧಕ್ಕೆ ಉಪಯೋಗವಾಗುವ ಒಂದು ಸಂಗತಿಯೂ ಅಲ್ಲ. ಕಾರ್ಡೇಸಿಯನ್ನರ ನೌಕೆಗಳು ಅವರ ಕಾನೂನಿಗೆ ವಿರುದ್ಧವಾಗಿ ಗುಟ್ಟಾಗಿ ಕಟ್ಟಿದವು. ಆದುದರಿಂದ ಹೊರಗಿನವರು ಪ್ರಶ್ನಿಸುವ ಸಂದರ್ಭವೇ ಒದಗಲಿಲ್ಲ. ಸುದ್ದಿಯನ್ನು ಸಂಗ್ರಹಿಸಿದವರು, ಅದರ ಬೆಲೆ ಕಟ್ಟಿದವರು, ಅದರ ಮೇಲೆ ದಾಳಿಗೆ ಹೊರಟವರು ಎಲ್ಲರೂ ಒಬ್ಬರೇ. ಅನರ್ಥದ ಮೂಲ ಇಲ್ಲಿದೆಯೆಂದು ನಮ್ಮ ಅಭಿಪ್ರಾಯ.

ಈ ಅಪಾಯವನ್ನು ಪ್ರಾಚೀನರು ಅರಿತಿದ್ದರು. ೧೯೦೯ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಮೊದಲಬಾರಿಗೆ ಮುದ್ರಿಸಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಗೂಢಚಾರರು ಒಬ್ಬರನ್ನೊಬ್ಬರು ಅರಿಯದಂತಿರಬೇಕೆಂದೂ, ಮೂವರು ತಂದ ವಾರ್ತೆ ಒಂದೇ ಆದಾಗ ಮಾತ್ರ ಅದನ್ನು ನಂಬಬೇಕೆಂದೂ ವಿಧಿಯಿದೆ. ಅರ್ಥಶಾಸ್ತ್ರ ದಯಾಪರರಿಗಾಗಿ ಬರೆದ ಗ್ರಂಥವಲ್ಲ. ಆ ವಿಧಿಯ ಹಿಂದಿರುವುದು ವ್ಯವಹಾರಜ್ಞಾನ.

ಈ ವಿಧಿ ತಪ್ಪಿದರೆ ಏನಾಗುವುದೆಂಬುದನ್ನು ಕಂತು ಪ್ರಸಾರವಾದ ಎಂಟು ವರ್ಷಗಳ ತರುವಾಯ ಜಗತ್ತು ಕಂಡಿತು. ೨೦೦೩ರ ಫೆಬ್ರವರಿ ೫ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಮುಂದೆ, ಇರಾಕಿನಲ್ಲಿ ಸಂಚಾರಿ ಜೈವಿಕಾಸ್ತ್ರ ಪ್ರಯೋಗಶಾಲೆಗಳಿವೆಯೆಂದು ವಾದಿಸಿದರು. ಆ ವಾದಕ್ಕೆ ಮುಖ್ಯ ಆಧಾರ, 'ಕರ್ವ್‌ಬಾಲ್' ಎಂಬ ಗುಪ್ತನಾಮದಿಂದ ಜರ್ಮನಿಯಲ್ಲಿದ್ದ ಒಬ್ಬ ಇರಾಕಿ ಮಾಹಿತಿದಾರನ ಹೇಳಿಕೆ. ಅಮೆರಿಕದ ಕೇಂದ್ರ ಗೂಢಚರ್ಯೆ ಸಂಸ್ಥೆಯವರು ಅವನನ್ನು ನೇರವಾಗಿ ಪ್ರಶ್ನಿಸಿದ್ದು ಯುದ್ಧ ಆರಂಭವಾದ ಮೇಲೆ, ೨೦೦೪ರಲ್ಲಿ. ಆ ವರ್ಷವೇ ಇರಾಕ್ ಪರಿಶೀಲನಾ ತಂಡ ಅಲ್ಲಿ ಅಂಥ ಅಸ್ತ್ರಗಳ ದಾಸ್ತಾನಿರಲಿಲ್ಲವೆಂದು ವರದಿ ಮಾಡಿತು. ೨೦೧೧ರಲ್ಲಿ ಮಾಹಿತಿದಾರನೇ ತಾನು ಸುಳ್ಳು ಹೇಳಿದುದಾಗಿ ಒಪ್ಪಿಕೊಂಡನು.

ಸಾಕ್ಷ್ಯ ನಿಜವಾಗಿದ್ದರೂ ಅಪೂರ್ಣವಾಗಿರಬಹುದೆಂಬುದಕ್ಕೆ ೧೯೬೨ರ ಕ್ಯೂಬಾ ಬಿಕ್ಕಟ್ಟು ನಿದರ್ಶನ. ಅಲ್ಲಿನ ಸೋವಿಯತ್ ಕ್ಷಿಪಣಿಗಳ ಛಾಯಾಚಿತ್ರಗಳು ಸುಳ್ಳಾಗಿರಲಿಲ್ಲ. ಅವನ್ನು ಕಂಡ ಅಮೆರಿಕದ ಸೇನಾಮುಖ್ಯರು ವಾಯುದಾಳಿಯಾಗಬೇಕೆಂದು ಒತ್ತಾಯಿಸಿದರು. ಅಧ್ಯಕ್ಷ ಕೆನೆಡಿಯವರು ಸಮುದ್ರ ದಿಗ್ಬಂಧನವನ್ನು ಆರಿಸಿಕೊಂಡರು. ಕ್ಯೂಬಾದಲ್ಲಿ ಹತ್ತು ಸಾವಿರದಷ್ಟು ಸೋವಿಯತ್ ಸೈನಿಕರಿರಬಹುದೆಂದು ಆಗಿನ ಅಂದಾಜು. ಇದ್ದವರು ನಾಲ್ವತ್ತು ಸಾವಿರಕ್ಕೂ ಹೆಚ್ಚು. ಇಳಿದುಬರುವ ಸೈನ್ಯದ ಮೇಲೆ ಪ್ರಯೋಗಿಸಬಹುದಾದ ಕಿರುವ್ಯಾಪ್ತಿಯ ಅಣ್ವಸ್ತ್ರಗಳೂ ಅಲ್ಲಿದ್ದುವೆಂಬುದು ೧೯೯೨ರ ಹವಾನಾ ಸಮ್ಮೇಳನದಲ್ಲಿ ಹೊರಬಿತ್ತು. ದಾಳಿ ನಡೆದಿದ್ದರೆ ಅದರ ಫಲವನ್ನು ಊಹಿಸುವುದು ಕಷ್ಟವಲ್ಲ.

ಇಷ್ಟರಿಂದಲೇ ಪೂರ್ವಭಾವಿ ದಾಳಿ ಎಂದಿಗೂ ಸಲ್ಲದೆಂದು ತೀರ್ಮಾನಿಸುವುದು ದುಡುಕಾದೀತು. ೧೯೬೭ರ ಜೂನ್ ೫ರಂದು ಇಸ್ರೇಲ್ ಈಜಿಪ್ಟಿನ ವಾಯುಬಲದ ಬಹುಭಾಗವನ್ನು ನೆಲದ ಮೇಲೆಯೇ ನಾಶಮಾಡಿತು. ಸಿನಾಯ್ ಪ್ರದೇಶದಲ್ಲಿ ಸೈನ್ಯದ ಜಮಾವಣೆ, ವಿಶ್ವಸಂಸ್ಥೆಯ ಪಡೆಯ ನಿರ್ಗಮನ, ಟಿರಾನ್ ಜಲಸಂಧಿಯ ಮುಚ್ಚುವಿಕೆ ಇವು ಲೋಕವೆಲ್ಲ ಕಂಡ ಸಂಗತಿಗಳು. ಈ ದಾಳಿಯನ್ನು ಸಮರ್ಥಿಸುವವರ ವಾದಕ್ಕೆ ಬಲವಿರುವುದು ಇದರಿಂದಲೇ. ಆದರೆ ಆ ಜಮಾವಣೆಯ ಮೂಲವನ್ನು ಹುಡುಕಿದರೆ ನಾವು ಮತ್ತೆ ಸಾಕ್ಷ್ಯದ ಬಳಿಗೇ ಬರುತ್ತೇವೆ. ಸಿರಿಯದ ಗಡಿಯಲ್ಲಿ ಇಸ್ರೇಲಿ ಸೈನ್ಯ ನೆರೆದಿದೆಯೆಂದು ಮೇ ತಿಂಗಳಲ್ಲಿ ಸೋವಿಯತ್ತರು ಈಜಿಪ್ಟಿಗೆ ತಿಳಿಸಿದರು. ಈಜಿಪ್ಟಿನ ಸೇನಾ ಮುಖ್ಯಸ್ಥ ಫೌಜಿ ಸಿರಿಯಕ್ಕೆ ಹೋಗಿ ನೋಡಿ, ಅಂಥದೇನೂ ಇಲ್ಲವೆಂದು ಕಂಡರು. ಆದರೂ ಜಮಾವಣೆ ನಿಲ್ಲಲಿಲ್ಲ. ಪರೀಕ್ಷೆ ನಡೆದರಷ್ಟೇ ಸಾಲದು; ಅದರ ಫಲಕ್ಕೆ ನಿರ್ಧಾರವನ್ನು ಬದಲಿಸುವ ಶಕ್ತಿಯೂ ಇರಬೇಕು.

ಕಥಾಮಾಲೆಯೂ ಇದೇ ದಾರಿಯಲ್ಲಿ ಮುಂದುವರಿಯುತ್ತದೆ. ಗೂಢಚರ್ಯೆ ಸಂಸ್ಥೆ ನಾಶವಾದ ಕಾರಣ ಕಾರ್ಡೇಸಿಯನ್ ರಾಜ್ಯದಲ್ಲಿ ಸೇನಾಡಳಿತ ಉರುಳಿ ನಾಗರಿಕ ಸರಕಾರ ಬರುತ್ತದೆ. ಈ ಕ್ರಾಂತಿ ಕಾಮರೂಪಿಗಳ ಕೃತ್ಯವಿರಬೇಕೆಂದು ಶಂಕಿಸಿ ಕ್ಲಿಂಗಾನರು ಆ ರಾಜ್ಯದ ಮೇಲೆ ದಂಡೆತ್ತಿ ಹೋಗುತ್ತಾರೆ. ಆ ಶಂಕೆಯೂ ಹುಸಿ. ಒಂದು ಪೂರ್ವಭಾವಿ ದಾಳಿಯ ಬೂದಿಯಿಂದ ಇನ್ನೊಂದು ಎದ್ದಿತು.

ಕಂತಿನ ಶೀರ್ಷಿಕೆ, ಕ್ರಿ.ಪೂ. ೪೯ರಲ್ಲಿ ರುಬಿಕಾನ್ ನದಿಯನ್ನು ದಾಟುವಾಗ ಸೀಸರನು ಆಡಿದನೆನ್ನಲಾದ ಮಾತಿನಿಂದ ಬಂದುದು: ದಾಳ ಬಿದ್ದಾಯಿತು ಎಂದು ಅದರ ಅರ್ಥ. ದಾಳ ಬಿದ್ದ ಮೇಲೆ ಚರಿತ್ರಕಾರನು ಲೆಕ್ಕ ಬರೆಯಬಲ್ಲನೇ ಹೊರತು ಬೇರೇನನ್ನೂ ಮಾಡಲಾರನು. ಆದರೆ ಒಂದು ಹೇಳಿಕೆಯ ಮೂಲವೇನು, ಅದಕ್ಕೆ ಸ್ವತಂತ್ರವಾದ ಬೆಂಬಲವಿದೆಯೇ, ಅದು ನಿಜವಾದರೆ ಯಾರಿಗೆ ಪ್ರಯೋಜನವೆಂದು ಕೇಳುವ ಅಭ್ಯಾಸ ನಮ್ಮ ತರಗತಿಗಳಲ್ಲಿ ಶಾಸನ ಕೈಫಿಯತ್ತುಗಳ ಪರಿಶೀಲನೆಗಷ್ಟೇ ಮೀಸಲಾಗಿ ಉಳಿಯಬೇಕಾಗಿಲ್ಲ. ಯುದ್ಧಕ್ಕೆ ಕಾರಣವೆಂದು ಸರಕಾರಗಳು ಮುಂದಿಡುವ ಪತ್ರಕ್ಕೂ ಅದೇ ಒರೆಗಲ್ಲು ಸಲ್ಲಬೇಕು, ಅದೂ ದಾಳ ಕೈಯಲ್ಲಿರುವಾಗಲೇ.