ಸಂಗೀತ, ಚಿತ್ರ, ಫ್ರೆಂಚ್: ಇವಕ್ಕ ರೊಕ್ಕ ಬ್ಯಾರೆ

1844ನೇ ಇಸವಿಯೊಳಗ ಇಂಗ್ಲಂಡಿನ ಹಾವರ್ತ್ ಅನ್ನೋ ಗುಡ್ಡದ ಊರಾಗ ಮೂರು ಮಂದಿ ಅಕ್ಕ-ತಂಗ್ಯಾರು ತಮ್ಮ ಮನಿಯೊಳಗನ ಹುಡುಗ್ಯಾರ ಸಾಲಿ ಸುರು ಮಾಡಬೇಕಂತ ಒಂದು ಕಾರ್ಡು ಅಚ್ಚು ಹಾಕಿಸಿದ್ರು. ಊಟ, ವಸತಿ, ಬರಿಯೋದು, ಲೆಕ್ಕ, ಇತಿಹಾಸ, ವ್ಯಾಕರಣ, ಭೂಗೋಳ, ಹೊಲಿಗಿ ಎಲ್ಲಾ ಸೇರಿ ವರ್ಷಕ್ಕ 35 ಪೌಂಡು. ಅದರ ಕೆಳಗ ಬ್ಯಾರೆ ಪಟ್ಟಿ. ಫ್ರೆಂಚ್, ಜರ್ಮನ್, ಲ್ಯಾಟಿನ್ ಒಂದೊಂದಕ್ಕ ಮೂರು ತಿಂಗಳಿಗೆ 1 ಪೌಂಡು 1 ಶಿಲ್ಲಿಂಗ್. ಸಂಗೀತಕ್ಕ ಅಷ್ಟ, ಚಿತ್ರಕ್ಕ ಅಷ್ಟ. ಪಿಯಾನೊ ಮುಟ್ಟಬೇಕಂದ್ರ ಮತ್ತ 5 ಶಿಲ್ಲಿಂಗ್. ಅರಿವಿ ಒಗಿಯೋದಕ್ಕ 15 ಶಿಲ್ಲಿಂಗ್. ಹುಡುಗಿ ಬರೂವಾಗ ಹಾಸಿಗಿ ಚಾದರ, ದಿಂಬಿನ ಗವಸು, ನಾಲ್ಕು ಟಾವೆಲ್, ಎರಡು ಚಮಚಾ ತರಬೇಕು ಅಂತನೂ ಬರದದ್ದು ಅದ. ಆ ಅಕ್ಕ-ತಂಗ್ಯಾರು ಯಾರಂದ್ರ ಶಾರ್ಲಟ್, ಎಮಿಲಿ, ಆನ್ ಬ್ರಾಂಟೆ. ಮುಂದ 'ಜೇನ್ ಐರ್' ಬರದ ಶಾರ್ಲಟ್ ಇಕಿನ.

ಆ ಕಾರ್ಡಿನ ಸಲುವಾಗಿ ಎಷ್ಟು ತಯಾರಿ ಮಾಡಿದ್ರು ನೋಡ್ರಿ. 1842ರಾಗ ಶಾರ್ಲಟ್ ಮತ್ತ ಎಮಿಲಿ ದೊಡ್ಡವ್ವನ ರೊಕ್ಕ ಇಸ್ಕೊಂಡು ಬೆಲ್ಜಿಯಂ ದೇಶದ ಬ್ರಸೆಲ್ಸಿಗೆ ಹೋಗಿ ಫ್ರೆಂಚ್ ಕಲತು ಬಂದಿದ್ರು. ಫ್ರೆಂಚ್ ಬರದ ಅಕ್ಕೋರ ಕಡೆ ಸ್ಥಿತಿವಂತರು ಹುಡುಗ್ಯಾರನ್ನ ಕಳಸ್ತಿರಲಿಲ್ಲ. ಅದಕ್ಕಿಂತ ಮದಲ ಶಾರ್ಲಟ್ ಒಂದು ಮನಿಯಾಗ ಮಕ್ಕಳಿಗೆ ಕಲಸ್ಲಿಕ್ಕೆ ಇದ್ದಾಗ ವರ್ಷದ ಪಗಾರ 20 ಪೌಂಡು ಅಂತ ಹೇಳಿದ್ರೂ, ಅರಿವಿ ಒಗದ ಖರ್ಚು ಮುರಕೊಂಡು ಕೈಗೆ ಬರತಿದ್ದದ್ದು ಸುಮಾರು 16 ಪೌಂಡು. ಅರಿವಿ ಒಗಿಯೋ ಲೆಕ್ಕ ಆಕಿಗೆ ಚೊಲೊ ಗೊತ್ತಿತ್ತು, ಅದಕ್ಕ ಕಾರ್ಡಿನಾಗ ಮರೀಲಿಲ್ಲ. ಇಷ್ಟೆಲ್ಲಾ ಮಾಡಿ ಆ ಸಾಲಿಗೆ ಒಬ್ಬ ಹುಡುಗಿನೂ ಬರಲಿಲ್ಲ. ಊರು ದೂರ, ಗುಡ್ಡಗಾಡು, ಯಾರು ಬರತಾರ?

ಈ ಇತಿಹಾಸ ನಾ ಯಾಕ ಹುಡಕಲಿಕ್ಕೆ ಹೋದೆ ಅಂದ್ರ, ನನ್ನ ಮಗಳು ಇಂಗ್ಲಂಡಿನಾಗ ಇರತಾಳ. ಸಣ್ಣ ಮೊಮ್ಮಗಳ ಪ್ರೈಮರಿ ಸಾಲಿಯ ವೇಳಾಪತ್ರಿಕೆ ಅವರ ಫ್ರಿಜ್ಜಿಗೆ ಅಂಟಿಸಿದ್ರು. ವಾರಕ್ಕ ಒಂದು ಮಧ್ಯಾಹ್ನ ಸಂಗೀತ, ಚಿತ್ರ, ಫ್ರೆಂಚ್ ಮೂರೂ ಒಟ್ಟಿಗೆ, ಕ್ಲಾಸಿನ ಅಕ್ಕೋರು ಬಿಟ್ಟು ಬ್ಯಾರೆಯವರು ಬಂದು ತಗೋತಾರ. ಈ ಮೂರನ್ನ ಯಾಕ ಜೋಡಿ ಹಾಕ್ಯಾರ ಅಂತ ಮಗಳನ್ನ ಕೇಳಿದ್ರ, "ಅವ್ವಾ, ನನಗೇನು ಗೊತ್ತು, ಸಾಲ್ಯಾಗ ಹಂಗ ಅದ" ಅಂದಳು. ಜೋಡಿ ಭಾಳ ಹಳೇದು. ಬ್ರಾಂಟೆ ಅಕ್ಕ-ತಂಗ್ಯಾರ ಕಾಲದಾಗ ಇವಕ್ಕ 'ಅಕಂಪ್ಲಿಶ್‌ಮೆಂಟ್ಸ್' ಅಂತಿದ್ರು. ಅಂದ್ರ ಲಗ್ನದ ಹುಡುಗಿಗೆ ಇರಬೇಕಾದ ಕಲಾ ಅನ್ರಿ. ನಮ್ಮಲ್ಲೂ ಹುಡುಗಿ ನೋಡಲಿಕ್ಕೆ ಬಂದವರು "ಹಾಡ್ಲಿಕ್ಕೆ ಬರತದ ಏನವಾ? ಕಸೂತಿ ಬರತದ ಏನು?" ಅಂತ ಕೇಳತಿದ್ರಲ್ಲ, ಅದೇ ಮಾತು.

ಇದು ರೊಕ್ಕ ಇದ್ದವರ ಸಂಗತಿ. ಬಡವರ ಮಕ್ಕಳ ಸಾಲಿಯ ಕತಿ ಪೂರಾ ಬ್ಯಾರೆ. 1862ರಾಗ ರಾಬರ್ಟ್ ಲೋ ಅನ್ನೋ ಮಂತ್ರಿ ಸರಕಾರದ ಅನುದಾನಕ್ಕ ಹೊಸ ಕಾಯ್ದೆ ತಂದ. ಮಗು ಸಾಲಿಗೆ ಬಂದದ್ದಕ್ಕ 4 ಶಿಲ್ಲಿಂಗ್, ಪರೀಕ್ಷಾದಾಗ ಪಾಸಾದ್ರ 8 ಶಿಲ್ಲಿಂಗ್. ಇನ್ಸ್‌ಪೆಕ್ಟರ್ ಸಾಹೇಬ ಬಂದು ಓದು, ಬರಹ, ಲೆಕ್ಕ ಮೂರೇ ಕೇಳಾವ. ಒಂದೊಂದು ವಿಷಯದಾಗ ನಪಾಸ ಆದ್ರ 2 ಶಿಲ್ಲಿಂಗ್ 8 ಪೆನ್ನಿ ಕಟ್. ಮಾಸ್ತರರ ಪಗಾರ ಇದರ ಮ್ಯಾಲೇ ನಿಂತಿದ್ದಾಗ ಹಾಡು ಯಾರು ಕಲಸ್ತಾರ, ಚಿತ್ರ ಯಾರು ಕಲಸ್ತಾರ? ಹುಡುಗ್ಯಾರಿಗೆ ಹೊಲಿಗಿ ಒಂದು ಕಡ್ಡಾಯ ಇತ್ತು. ಈ ಪದ್ಧತಿ ಪೂರಾ ಹೋಗಲಿಕ್ಕೆ 1890ರ ದಶಕ ಬರಬೇಕಾತು.

ಆದ್ರೂ ಹಾಡು ಒಳಗ ಬಂತು. ಬಂದ ದಾರಿ ಭಾಳ ಮಜಾ ಅದ, ಸ್ವಲ್ಪ ವಿಸ್ತಾರವಾಗಿ ಹೇಳ್ತೀನಿ.

1841ರಾಗ ಜಾನ್ ಹಲ್ಲಾ ಅನ್ನಾವ ಲಂಡನ್ನಿನ ಎಕ್ಸೆಟರ್ ಹಾಲ್‌ದಾಗ ಸಾಲಿ ಮಾಸ್ತರರಿಗೆ ಹಾಡಿನ ಪಾಠ ಸುರು ಮಾಡಿದ. ಪದ್ಧತಿ ತಂದದ್ದು ಪ್ಯಾರಿಸ್ಸಿನಿಂದ, ವಿಲೆಮ್ ಅನ್ನೋ ಸಂಗೀತ ಗುರುವಿನ ಪದ್ಧತಿ ಅದು. ಅದರಾಗ 'ಡೋ' ಅಂದ್ರ ಪಿಯಾನೊದ ಒಂದೇ ಪಟ್ಟಿ, ಯಾವಾಗಲೂ ಅದೇ, ಕದಲಂಗಿಲ್ಲ. ಮದಲಿನ ನಾಕು ಪಾಠ ಛಂದ ಹೋಗತಿತ್ತು, ಹಾಡು ಬ್ಯಾರೆ ಪಟ್ಟಿಗೆ ಹೊಳ್ಳಿದ ಕೂಡಲೆ ಕಲಿಯೋರು ದಾರಿ ತಪ್ಪತಿದ್ರು.

ಇತ್ತ ನಾರ್ವಿಚ್ ಊರಾಗ ಸಾರಾ ಗ್ಲವರ್ ಅನ್ನೋ ಒಬ್ಬ ಪಾದ್ರಿಯ ಮಗಳು ಇದ್ದಳು. ಆಕಿ ಚರ್ಚಿನ ಮಕ್ಕಳಿಗೆ ಹಾಡು ಕಲಸ್ತಿದ್ದಳು. ಆಕಿ ಮಾಡಿದ್ದು ಇಷ್ಟ: ಹಾಡಿನ ಆಧಾರ ಸ್ವರ ಎಲ್ಲೇ ಇರಲಿ, ಅದಕ್ಕ 'ಡೋ' ಅನ್ನು, ಉಳಿದವು ಅದರ ಲೆಕ್ಕದಾಗ ಬರತಾವ. ಗೆರಿ, ಗುಂಡು, ಬಾಲದ ಚಿನ್ಹೆ ಬ್ಯಾಡ, ಅಕ್ಷರದಾಗ ಬರಿ. ಇದನ್ನ ಓದಿದಾಗ ನಾ ನಕ್ಕೆ. ಇದು ನಮ್ಮ ಷಡ್ಜನ ಅಲ್ಲೇನ್ರಿ! ಧಾರವಾಡದ ಯಾವ ಮನಿಯೊಳಗ ಹೋಗಿ ಕೇಳ್ರಿ, ಪೇಟಿ ಮುಂದ ಕೂತ ಹುಡುಗಿ ಕಾಳಿ ಐದಕ್ಕ ಸಾ ಹಚ್ಚತಾಳ, ಅವರ ಅಣ್ಣ ಕಾಳಿ ಎರಡಕ್ಕ ಹಚ್ಚತಾನ, ಇಬ್ಬರದೂ ಸಾನ. ಸ-ರಿ-ಗ-ಮ ಅಂತ ಅಕ್ಷರದಾಗ ಬರಕೊಳ್ಳೋದೂ ನಮಗ ಹೊಸದಲ್ಲ. ಸಾರಾಬಾಯಿಗೆ ನಮ್ಮ ಸಂಗೀತದ ಗಂಧ ಇತ್ತು ಅಂತ ನಾ ಹೇಳಂಗಿಲ್ಲ. ಸಣ್ಣ ಮಕ್ಕಳಿಗೆ ದಿನಾ ಹಾಡು ಕಲಸೋರಿಗೆ ಇದು ತಾನ ತಿಳಿತದ ಅಂತ ನನ್ನ ಅನಿಸಿಕಿ.

ಆಕಿಯ ಪುಸ್ತಕ ಹಿಡದು ಜಾನ್ ಕರ್ವೆನ್ ಅನ್ನೋ ಪಾದ್ರಿ ಅದನ್ನ ತಿದ್ದಿ 'ಟಾನಿಕ್ ಸೋಲ್-ಫಾ' ಅಂತ ದೇಶದ ತುಂಬ ಹರಡಿದ. 1841ರಾಗ ಹಲ್ ಊರಿನ ಒಂದು ಸಭಾದಾಗ, ಸಂಡೇ ಸ್ಕೂಲ್ ಮಕ್ಕಳಿಗೆ ಹಾಡು ಕಲಸೂ ಸರಳ ದಾರಿ ಹುಡುಕು ಅಂತ ಅವಗ ಹೇಳಿದ್ರಂತ. ಸ್ವತಃ ಅವಗ ನೋಡಿ ಹಾಡ್ಲಿಕ್ಕೆ ಬರತಿರಲಿಲ್ಲ, ಅದಕ್ಕ ಬರದವರ ತ್ರಾಸ ಅವಗ ತಿಳೀತು. ಗ್ವಾಡಿಗೆ ಸ್ವರದ ಏಣಿ ಬರದ ಒಂದು ತಖ್ತೆ ತೂಗಹಾಕೋದು, ಮಾಸ್ತರು ಕೋಲಿನಿಂದ ತೋರಿಸಿದ್ದನ್ನ ಮಕ್ಕಳು ಹಾಡೋದು. ಒಂದೊಂದು ಸ್ವರಕ್ಕ ಒಂದೊಂದು ಕೈ ಮುದ್ರೆ. ಪಿಯಾನೊ ಬೇಕಿಲ್ಲ, ಪುಸ್ತಕಕ್ಕ ರೊಕ್ಕ ಜಾಸ್ತಿ ಬೇಕಿಲ್ಲ. ಬಡವರ ಸಾಲಿಗೆ ಇದಕ್ಕಿಂತ ಇನ್ನೇನು ಬೇಕು? ಮಿಶನರಿಗಳ ಕೈಯಾಗ ಇದು ದಕ್ಷಿಣ ಆಫ್ರಿಕಾಕ್ಕೂ ಹೋತು, ಅಲ್ಲಿಯ ಮ್ಯಾಳದವರು ಇವತ್ತಿಗೂ ಈ ಅಕ್ಷರ ನೋಡೇ ಹಾಡತಾರ. ಹೆಸರಾದದ್ದು ಮಾತ್ರ ಕರ್ವೆನ್‌ದು. ಸಾರಾ ಗ್ಲವರ್ ಹೆಸರು ಎಷ್ಟು ಮಂದಿಗೆ ಗೊತ್ತು?

1872ರಾಗ ಸರಕಾರ ಹಾಡು ಕಲಸದ ಸಾಲಿಗೆ ಮಗುವಿಗೆ ಒಂದು ಶಿಲ್ಲಿಂಗ್ ಕಟ್ ಅಂತ ಹೇಳಿತು. ಆವಾಗ ನೋಡ್ರಿ ಎಲ್ಲಾ ಸಾಲ್ಯಾಗೂ ಹಾಡು ಸುರು! ಹತ್ತು ವರ್ಷದ ಮ್ಯಾಲೆ ಇನ್ನೂ ನಾಜೂಕು ಲೆಕ್ಕ ಬಂತು: ಬರೇ ಕೇಳಿ ಹಾಡಿದ್ರ ಆರು ಪೆನ್ನಿ, ಸ್ವರ ಓದಿ ಹಾಡಿದ್ರ ಒಂದು ಶಿಲ್ಲಿಂಗ್. ರೊಕ್ಕದ ಆಶಾಕ್ಕ ಬಂದ ಸಂಗೀತ ಅಂತ ಮೂಗು ಮುರಿಯೋರು ಮುರೀಲಿ. ಗಿರಣಿ ಕೂಲಿಯವರ ಮಕ್ಕಳಿಗೆ ಸ್ವರ ಓದಲಿಕ್ಕೆ ಬಂದದ್ದು ಆ ಆರು ಪೆನ್ನಿ ಫರಕಿನಿಂದನ.

ಚಿತ್ರಕಲಾ ಬಂದದ್ದು ಮಾತ್ರ ಹೊಟ್ಟಿಕಿಚ್ಚಿನಿಂದ. ಫ್ರಾನ್ಸಿನ ರೇಶ್ಮಿ, ಗ್ವಾಡಿಗೆ ಅಂಟಿಸೋ ಕಾಗದ ಇವೆಲ್ಲ ಛಂದ ಇರತಾವ, ನಮ್ಮ ಮಾಲು ಅದರ ಮುಂದ ಸಪ್ಪಗ ಕಾಣತದ ಅಂತ ಇಂಗ್ಲಂಡಿನ ವ್ಯಾಪಾರಸ್ಥರಿಗೆ ಚಿಂತಿ. 1836ರಾಗ ಪಾರ್ಲಿಮೆಂಟಿನ ಕಮಿಟಿ ಕೂತಿತು, 1837ರಾಗ ಲಂಡನ್ನಿನಾಗ ಡಿಸೈನ್ ಸಾಲಿ ತಗದ್ರು. 1852ರಿಂದ ಹೆನ್ರಿ ಕೋಲ್ ಅನ್ನೋ ಅಧಿಕಾರಿ ಇದರ ಮುಖ್ಯಸ್ಥ. ನೆಟ್ಟನ ಗೆರಿ, ಬಾಗಿದ ಗೆರಿ, ತಖ್ತೆ ನೋಡಿ ನಕಲು, ಹಿಂಗ ಮೆಟ್ಟಲ ಮೆಟ್ಟಲ ಮಾಡಿ ಒಂದು ಪಠ್ಯಕ್ರಮ. 1890ರಾಗ ಗಂಡುಹುಡುಗರಿಗೆ ಡ್ರಾಯಿಂಗ್ ಕಡ್ಡಾಯ ಆತು. ಅವರು ಗೆರಿ ಎಳಿಯೂವಾಗ ಹುಡುಗ್ಯಾರು ಏನು ಮಾಡತಿದ್ರು? ಹೊಲಿಗಿ! ಗೆರಿ ಯಾರಿಗೆ ಜಾಸ್ತಿ ಉಪಯೋಗ ಬರತಿತ್ತು ಅಂತ ಅಂಗಿ ಕತ್ತರಿಸಿದವರಿಗೆ ಕೇಳಬೇಕಿತ್ತು.

ಇದೇ ಪದ್ಧತಿ ನಮ್ಮ ಕಡೆಗೂ ಬಂತು. ಮುಂಬೈಯ ಜೆ. ಜೆ. ಸ್ಕೂಲ್ ಆಫ್ ಆರ್ಟ್ 1857ರಾಗ ಸುರು ಆತು, ಆವಾಗ ಧಾರವಾಡ ಮುಂಬೈ ಇಲಾಖೆದಾಗನ ಇತ್ತಲ್ಲ. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಅಂತ ಡ್ರಾಯಿಂಗ್ ಪರೀಕ್ಷಾ ಇರತಿದ್ದವು. ನಮ್ಮ ಮಾವನವರು ಎಲಿಮೆಂಟರಿ ಪಾಸಾದವರು. ಮುಪ್ಪಿನ ಕಾಲದಾಗೂ ಕೈ ಎತ್ತದನ ಒಂದು ಹೂಜಿಯ ಚಿತ್ರ ತಗೀತಿದ್ರು, ಎಡಬಲ ಒಂದು ಕೂದಲೆಳಿ ಫರಕ ಇರತಿರಲಿಲ್ಲ. ಹೂಜಿ ಬಿಟ್ಟು ಬ್ಯಾರೆ ಏನು ತಗೀರಿ ಅಂದ್ರೂ ಹೂಜಿನ.

ಮಕ್ಕಳು ತಮ್ಮ ಮನಸಿನಾಗಿಂದು ತಗೀಲಿ ಅನ್ನೋ ಮಾತು ಬಂದದ್ದು ಮುಂದ. ವಿಯೆನ್ನಾದಾಗ ಫ್ರಾಂಜ್ ಸಿಜೆಕ್ ಅನ್ನಾವ ಮಕ್ಕಳ ಚಿತ್ರದ ತರಗತಿ ನಡಸ್ತಿದ್ದ. ಇಂಗ್ಲಂಡಿನಾಗ ಮರಿಯನ್ ರಿಚರ್ಡ್‌ಸನ್ ಅನ್ನೋ ಅಕ್ಕೋರು 1912ರಿಂದ ಡಡ್ಲಿ ಊರಿನ ಹುಡುಗ್ಯಾರ ಹೈಸ್ಕೂಲಿನಾಗ ಕಲಸ್ತಿದ್ರು. ಹುಡುಗ್ಯಾರಿಗೆ ಕಣ್ಣು ಮುಚ್ಚಲಿಕ್ಕೆ ಹೇಳಿ, ಒಂದು ಓಣಿಯ ವರ್ಣನಾ ಮಾಡಿ, ಕಣ್ಣ ಒಳಗ ಏನು ಕಂಡಿತು ಅದನ್ನ ಬಣ್ಣದಾಗ ತಗೀರಿ ಅಂತಿದ್ರು. 1930ರಾಗ ಲಂಡನ್ನಿನ ಸಾಲಿಗಳ ಚಿತ್ರಕಲಾ ಇನ್ಸ್‌ಪೆಕ್ಟರ್ ಆದ್ರು. 1938ರಾಗ ಲಂಡನ್ ಮಕ್ಕಳ ಚಿತ್ರಗಳ ದೊಡ್ಡ ಪ್ರದರ್ಶನ ಆತು. ಪ್ರೈಮರಿ ಸಾಲ್ಯಾಗ ದೊಡ್ಡ ಹಾಳಿ, ದಪ್ಪ ಬ್ರಶ್ ಬರಲಿಕ್ಕೆ ಇಂಥವರು ಕಾರಣ.

ಸಂಗೀತಕ್ಕ ರೇಡಿಯೋ ಆಸರಾ ಆತು. 1939ರಾಗ ಯುದ್ಧ ಸುರು ಆಗಿ ಪಟ್ಟಣದ ಮಕ್ಕಳನ್ನ ಹಳ್ಳಿಗೆ ಕಳಿಸಿದಾಗ ಬಿಬಿಸಿಯವರು 'ಸಿಂಗಿಂಗ್ ಟುಗೆದರ್' ಸುರು ಮಾಡಿದ್ರು, 2001ರ ತನಕ ನಡೀತು. ಹಾಡ್ಲಿಕ್ಕೆ ಬರದ ಮಾಸ್ತರೂ ರೇಡಿಯೋ ಹಚ್ಚಿ ಕೂಡಬಹುದಿತ್ತು.

ಇನ್ನ ಫ್ರೆಂಚ್. ಬಡವರ ಸಾಲ್ಯಾಗ ಇದರ ಸುದ್ದಿನ ಇರಲಿಲ್ಲ. ಎರಡನೇ ಯುದ್ಧ ಮುಗದು ಎಷ್ಟೋ ವರ್ಷ ಆದ್ರೂ, 11ನೇ ವರ್ಷದ ಪರೀಕ್ಷಾ ಪಾಸಾಗಿ ಗ್ರಾಮರ್ ಸಾಲಿಗೆ ಹೋದವರಿಗೇ ಹೆಚ್ಚಾಗಿ ಫ್ರೆಂಚ್. 1961ರಾಗ ಬ್ರಿಟನ್ ಯುರೋಪಿನ ಕಾಮನ್ ಮಾರ್ಕೆಟ್ ಸೇರಲಿಕ್ಕೆ ಅರ್ಜಿ ಹಾಕಿತು, 1963ರ ಜನೆವರಿಯಾಗ ಫ್ರಾನ್ಸಿನ ಡಿ ಗಾಲ್ ಬ್ಯಾಡ ಅಂದ. ಎರಡು ತಿಂಗಳಿಗೆ, ಮಾರ್ಚಿನಾಗ, ಎಂಟನೇ ವರ್ಷದಿಂದನ ಫ್ರೆಂಚ್ ಕಲಸಿ ನೋಡೋಣು ಅಂತ ಇಂಗ್ಲಂಡಿನಾಗ ಪ್ರಯೋಗದ ಯೋಜನಾ ಹೊರಗ ಬಂತು. ಬೀಗರು ಬಾಗಲಾ ಹಾಕಿದ ಮ್ಯಾಲೆ ಅವರ ಮಾತು ಕಲಿಯೋದು ಅಂದ್ರ ಇದು.

1964ರ ಸಪ್ಟಂಬರದಾಗ 125 ಪ್ರೈಮರಿ ಸಾಲ್ಯಾಗ ಸುರು. ಟೇಪ್ ರೆಕಾರ್ಡರ್, ಚಿತ್ರದ ಕಾರ್ಡು, ನಫೀಲ್ಡ್ ಸಂಸ್ಥಾದವರು ಮಾಡಿದ 'ಆನ್ ಅವಾಂ' ಪಾಠಗಳು. ಮದಲ ಬರೇ ಕೇಳೋದು, ಮಾತಾಡೋದು, ಓದು-ಬರಹ ಆಮ್ಯಾಲೆ. ಕ್ಲಾಸಿನ ಮಾಸ್ತರರಿಗೇ ತರಬೇತಿ ಕೊಟ್ಟು, ಕೆಲವರನ್ನ ಫ್ರಾನ್ಸಿಗೂ ಕಳಿಸಿದ್ರು. ಸುಮಾರು 18,000 ಮಕ್ಕಳನ್ನ ವರ್ಷಗಟ್ಟಲೆ ಹಿಂದ ಹತ್ತಿ ಪರೀಕ್ಷಾ ಮಾಡಿದ್ರು. ಕ್ಲೇರ್ ಬರ್ಸ್ಟಾಲ್ ಅನ್ನೋ ಬಾಯಾರು ಇದರ ವರದಿ 1974ರಾಗ ಕೊಟ್ಟರು. ಎಂಟಕ್ಕ ಸುರು ಮಾಡಿದವರು 16ನೇ ವರ್ಷಕ್ಕ ಕೇಳಿ ತಿಳಕೊಳ್ಳೋದರಾಗ ಮಾತ್ರ ಮುಂದ, ಉಳಿದದ್ದರಾಗ 11ಕ್ಕ ಸುರು ಮಾಡಿದವರ ಸರೀನ ಇದ್ರು. ಹುಡುಗ್ಯಾರು ಹುಡುಗರಗಿಂತ ಛಲೋ ಮಾಡಿದ್ರು, ಸಣ್ಣ ಹಳ್ಳಿ ಸಾಲಿಯವರು ದೊಡ್ಡ ಸಾಲಿಯವರಗಿಂತ ಛಲೋ ಮಾಡಿದ್ರು. ಮುಖ್ಯ ತೊಡಕು ಏನಂದ್ರ, ಹೈಸ್ಕೂಲಿಗೆ ಹೋದ ಕೂಡಲೆ ಎಷ್ಟೋ ಕಡೆ ಮೂರು ವರ್ಷ ಕಲತವರನ್ನೂ ಏನೂ ಕಲೀದವರನ್ನೂ ಒಂದೇ ಬೆಂಚಿನಾಗ ಕೂಡಿಸಿ ಮದಲಿಂದ ಸುರು ಮಾಡತಿದ್ರು. ವರದಿ ಬಂದದ್ದ ತಡ, ರೊಕ್ಕಕ್ಕೂ ಬಿಕ್ಕಟ್ಟಿದ್ದ ಕಾಲ ಅದು, ಭಾಳ ಊರವರು ಫ್ರೆಂಚ್ ಕೈಬಿಟ್ಟರು. ನಮ್ಮಲ್ಲಿ ಒಂದನೇ ಇಯತ್ತೆಗೆ ಇಂಗ್ಲಿಷ್ ಬೇಕು ಬ್ಯಾಡ ಅಂತ ಜಗಳ ಆಡೋ ಎರಡೂ ಕಡೆಯವರು ಆ ವರದಿ ಓದಬೇಕು ಅನಸ್ತದ. ವಯಸ್ಸಿನ ಲೆಕ್ಕ ಎಲ್ಲಾರೂ ಮಾಡತಾರ, ಮುಂದಿನ ಇಯತ್ತೆದ ಮಾಸ್ತರರನ್ನ ಯಾರೂ ಕೇಳಂಗಿಲ್ಲ.

ಸಂಗೀತ, ಚಿತ್ರಕ್ಕ ಕಾಯ್ದೆದ ಜಾಗಾ ಸಿಕ್ಕದ್ದು 1988ರ ಶಿಕ್ಷಣ ಕಾಯ್ದೆಯಿಂದ, ಐದನೇ ವರ್ಷದಿಂದನ ಎಲ್ಲಾ ಸರಕಾರಿ ಸಾಲ್ಯಾಗ ಕಲಸಬೇಕು ಅಂತ. ಹತ್ತು ವರ್ಷಕ್ಕ, 1998ರಾಗ, ಓದು ಮತ್ತ ಲೆಕ್ಕಕ್ಕ ವ್ಯಾಳ್ಯಾ ಬೇಕು ಅಂತ ಇವನ್ನ ಸಡಲು ಮಾಡಿದ್ರು. ರಾಬರ್ಟ್ ಲೋನ ನೆನಪಾತು ನನಗ. 2005ರಿಂದ ಅಕ್ಕೋರಿಗೆ ಪಾಠದ ತಯಾರಿಗೆ ಅಂತ ಅವರು ಕಲಸೋ ವ್ಯಾಳ್ಯಾದಾಗ ನೂರಕ್ಕ ಹತ್ತು ಪಾಲು ಬಿಡುವು ಕೊಡಬೇಕು ಅಂತ ನಿಯಮ ಆತು. ಆ ಬಿಡುವಿನಾಗ ಮಕ್ಕಳನ್ನ ಯಾರು ನೋಡಬೇಕು? ಸಂಗೀತ, ಚಿತ್ರ, ಫ್ರೆಂಚ್ ಗೊತ್ತಿದ್ದ ಅರೆಕಾಲಿಕ ಬಾಯಾರು! ಫ್ರಿಜ್ಜಿನ ಮ್ಯಾಲಿನ ಆ ಮಧ್ಯಾಹ್ನದ ಗುಟ್ಟು ಇದು. ಪಿಯಾನೊ, ಪಿಟೀಲು ಒಬ್ಬಾಕಿಗೇ ಕಲೀಬೇಕಂದ್ರ ಮಗಳು ಈಗೂ ಬ್ಯಾರೆ ರೊಕ್ಕ ಕಟ್ಟತಾಳ.

2014ರ ಸಪ್ಟಂಬರದಿಂದ ಏಳರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಒಂದು ಪರಭಾಷಾ ಕಡ್ಡಾಯ. ಯಾವ ಭಾಷಾ ಅಂತ ಸಾಲಿಯವರು ಆರಿಸಬಹುದು, ಲ್ಯಾಟಿನ್ ಆದ್ರೂ ನಡೀತದ. ಹೆಚ್ಚಿನವರು ಫ್ರೆಂಚ್ ತಗೊಂಡ್ರು, ಕಲಸೋರಿಗೆ ತಮ್ಮ ಸಾಲ್ಯಾಗ ಕಲತ ಅಷ್ಟಿಷ್ಟು ಫ್ರೆಂಚ್ ನೆನಪಿತ್ತು ಅಂತ. ದೊಡ್ಡ ಮೊಮ್ಮಗಳು ಹಿಂಗ ನಾಕು ವರ್ಷ ಕಲತು, ಬಣ್ಣ, ವಾರ, ನೂರರ ತನಕ ಎಣಿಕಿ, ಮಾರ್ಕೆಟ್ಟಿಗೆ ಹೋಗಿ ಬ್ರೆಡ್ ಕೇಳೋದು ಎಲ್ಲಾ ಬಾಯಿಪಾಠ ಮಾಡಿಕೊಂಡು ಹೋದ ವರ್ಷ ಹೈಸ್ಕೂಲಿಗೆ ಹೋದಳು. ಅಲ್ಲಿ ಮದಲಿನ ದಿನದ ಪಾಠ ಏನಂತ ಫೋನಿನಾಗ ಕೇಳಿದೆ. "ಬೋಂಜೂರ್, ಅಜ್ಜಿ" ಅಂದಳು.