ಲಕ್ಕಮ್ಮನ ಅಳತೆ

‘ಕಳ್ಳತನವನ್ನೇ ಕಾಯಕ ಮಾಡಿಕೊಂಡಿದ್ದ ಆರೋಪಿ ಸೆರೆ.’ ಪತ್ರಿಕೆಗಳ ಅಪರಾಧ ಪುಟದಲ್ಲಿ ಈ ಧಾಟಿಯ ಸುದ್ದಿ ಆಗಾಗ ಕಣ್ಣಿಗೆ ಬೀಳುತ್ತದೆ. ಮನೆಗಳಲ್ಲೂ ಅಷ್ಟೇ. ‘ಮೂರು ಹೊತ್ತೂ ಮೊಬೈಲ್ ನೋಡೋದೇ ಇವನ ಕಾಯಕ’ ಎಂದು ತಾಯಂದಿರು ಗದರುತ್ತಾರೆ. ಬಿಡದೆ ಮಾಡುವುದೆಲ್ಲ ಕಾಯಕ ಎಂಬಂತಾಗಿದೆ. 12ನೇ ಶತಮಾನದಲ್ಲಿ ಕಲ್ಯಾಣದ ದುಡಿಯುವ ಜನ ಬಾಳಿನ ಸಾರ್ಥಕ್ಯವನ್ನೇ ತುಂಬಿಟ್ಟ ಪದಕ್ಕೆ ಈ ಗತಿ ಬರಬಾರದಿತ್ತು.

ನುಲಿಯ ಚಂದಯ್ಯನದು ಹಗ್ಗ ಹೊಸೆಯುವ ಕಾಯಕ, ಮೋಳಿಗೆ ಮಾರಯ್ಯನದು ಸೌದೆ ಹೊರೆ ಮಾರುವುದು, ತುರುಗಾಹಿ ರಾಮಣ್ಣನದು ದನ ಕಾಯುವುದು, ಸತ್ಯಕ್ಕನದು ಅಂಗಳ ಗುಡಿಸುವುದು. ಶಿವನನ್ನು ಕಾಣಲು ಕಸುಬು ಬಿಟ್ಟು ಕಾಡು ಸೇರಬೇಕೆಂದು ಇವರಾರಿಗೂ ಅನಿಸಲಿಲ್ಲ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿಬಿದ್ದರೂ ಚಂದಯ್ಯ ಕೆಲಸ ನಿಲ್ಲಿಸಲಿಲ್ಲ, ಲಿಂಗವೇ ಅವನ ಬೆನ್ನು ಹತ್ತಿತು ಎನ್ನುತ್ತದೆ ‘ಶೂನ್ಯಸಂಪಾದನೆ’ಯ ಕಥೆ.

ಕಚೇರಿಯ ಗೋಡೆಗಳ ಮೇಲೆ ‘ಕಾಯಕವೇ ಕೈಲಾಸ’ ಎಂದು ಬರೆದು ಕೆಳಗೆ ಬಸವಣ್ಣನ ಹೆಸರು ಹಾಕುವುದುಂಟು. ಗಾದೆಯಷ್ಟೇ ಬಳಕೆಯಾಗಿರುವ ಈ ಮಾತು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಆತನ ಊರು ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಲ್ಲೇ ಜಂಗಮರಿಗೆ ಉಣಬಡಿಸಿ ತಾವೂ ಉಣ್ಣುವುದು ಗಂಡ ಹೆಂಡಿರ ನೇಮ. ಒಂದು ದಿನ ಮಾರಯ್ಯ ವಾಡಿಕೆಗಿಂತ ಹೆಚ್ಚು ತಂದ. ಕದ್ದ ಅಕ್ಕಿಯಲ್ಲ, ಬೇಡಿದ್ದೂ ಅಲ್ಲ, ಬೆನ್ನು ಬಗ್ಗಿಸಿ ಆಯ್ದದ್ದೇ. ಆದರೂ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಇಂದಿಗೆ ಬೇಕಾದಷ್ಟು ಬಿಟ್ಟು ಮಿಕ್ಕದ್ದು ಆಸೆಯ ಪಾಲು ಎಂದು ಅದನ್ನು ತಂದಲ್ಲಿಗೇ ಮರಳಿಸಿದಳು.

ಕಾಯಕಕ್ಕೆ ಅದರ ಪೂರ್ತಿ ಅರ್ಥ ಬಂದದ್ದು ಲಕ್ಕಮ್ಮನ ಒಲೆಯ ಬುಡದಲ್ಲೇ ಎಂದು ಧೈರ್ಯವಾಗಿ ವಾದಿಸಬಹುದು. ಅನುಭವ ಮಂಟಪದ ಚರ್ಚೆಗಳಿಗೆ ಅದರ ಶ್ರೇಯಸ್ಸನ್ನೆಲ್ಲ ಕೊಡುವುದು ಪಂಡಿತರ ರೂಢಿ. ಆದರೆ ಎಷ್ಟು ಅಕ್ಕಿ, ಎಷ್ಟು ಬಾಯಿ ಎಂಬ ಲೆಕ್ಕ ದಿನವೂ ಹಾಕುವವಳಿಗಲ್ಲದೆ ದುಡಿಮೆಗೂ ಒಂದು ಅಳತೆ ಇರಬೇಕೆಂದು ಇನ್ನಾರಿಗೆ ಹೊಳೆದೀತು? ಕಳ್ಳನ ಕಸುಬಿನಲ್ಲಿ ನಿತ್ಯದ ರೂಢಿ ಇದ್ದೀತು, ‘ಇಷ್ಟು ಸಾಕು’ ಎಂಬುದು ಇರದು. ಪತ್ರಿಕೆಯವರು ಉಳಿಸಿಕೊಂಡದ್ದು ಪದದ ಅರ್ಧವನ್ನು ಮಾತ್ರ.

ಇದರ ಜೊತೆಗಾರ ಪದ ದಾಸೋಹ ಮಠಗಳ ಊಟದ ಮನೆಯಲ್ಲಿ ಮರ್ಯಾದೆಯಿಂದಿದೆ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟು ಎರಡು ಪದಗಳನ್ನೂ ಒಟ್ಟಿಗೆ ಬಾಳಿಸಿದರು. ಅವರಿಗೊಪ್ಪುವ ‘ಕಾಯಕಯೋಗಿ’ ಎಂಬ ಬಿರುದನ್ನು ಹುಟ್ಟುಹಬ್ಬದ ಫ್ಲೆಕ್ಸ್‌ಗಳಲ್ಲಿ ಕಂಡಕಂಡವರಿಗೆ ಅಂಟಿಸುವುದು ಸಂಕಟದ ಸಂಗತಿ.

ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಮೇಟ್‌ಗೆ ‘ಕಾಯಕ ಬಂಧು’ ಎಂದು ಕರ್ನಾಟಕದಲ್ಲಿ ಹೆಸರಿಟ್ಟವರನ್ನು ಮಾತ್ರ ಮೆಚ್ಚಬೇಕು. ಕೂಲಿಕಾರರ ಹಾಜರಿ ಹಿಡಿದು, ಅಂದು ಅಗೆಯಬೇಕಾದ ಮಣ್ಣಿಗೆ ಅಳತೆ ಗುರುತು ಮಾಡಿಕೊಡುವ ಕೆಲಸ ಅದು. ಎಷ್ಟೋ ಊರುಗಳಲ್ಲಿ ಅದನ್ನು ಮಾಡಿದವರು ಹೆಂಗಸರೇ.